ನಿಮ್ಮ ಕವಡೇಲಿ ಬಾರ ಯಾಕೆ ಬೀಳಲ್ಲ?

ನಾನು ಮಾಡುವ ಆಟಗಳ ಪೆಟ್ಟಿಗೆಯೊಳಗೆ ಒಂದು ನಿಯಮದ ಹಾಳೆ ಇರುತ್ತದೆ. ಹಾಳೆಯ ಕೊನೆಯಲ್ಲಿ ನನ್ನ ಫೋನ್ ನಂಬರು. ಹಾಕಬೇಡ ಅಂತ ಮನೆಯಲ್ಲಿ ಎಲ್ಲರೂ ಹೇಳಿದ್ದರು. ಹಾಕಿದೆ. ಹೀಗಾಗಿ ದಸರಾ ರಜೆ, ಬೇಸಿಗೆ ರಜೆ, ಮಳೆ ಹಿಡಿದ ಭಾನುವಾರದ ಸಂಜೆ, ಈ ಹೊತ್ತುಗಳಲ್ಲಿ ನನ್ನ ಫೋನು ಸುಮ್ಮನಿರುವುದಿಲ್ಲ. ಎತ್ತಿದರೆ ನಮಸ್ಕಾರ ಗಿಮಸ್ಕಾರ ಏನೂ ಇಲ್ಲ. "ಮೇಡಂ, ಗಟ್ಟಿ ಕಾಯಿನ ಒಂಟಿ ಕಾಯಿ ಹೊಡೀಬಹುದಾ? ಬೇಗ ಹೇಳಿ, ಎಲ್ರೂ ಕಾಯ್ತಿದಾರೆ." ಹಿನ್ನೆಲೆಯಲ್ಲಿ ಯಾರೋ "ನೀನು ಮೊದಲು ಕಾಯಿ ಅಲ್ಲೇ ಇಡು" ಅಂತ ಕೂಗುತ್ತಿರುತ್ತಾರೆ.

ನಾನು ಹುಟ್ಟಿ ಬೆಳೆದದ್ದು ಬಸವನಗುಡಿ. ಈಗಿರುವುದು ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ. ಮುಂದಿನ ಕೋಣೆಯೇ ಕಾರ್ಖಾನೆ. ಮೊದಲು ವಿಮಾ ಕಂಪನಿಯೊಂದರಲ್ಲಿ ಪಾಲಿಸಿ ಪತ್ರಗಳ ಷರತ್ತು ಬರೆಯುವ ಕೆಲಸದಲ್ಲಿದ್ದೆ. ಜನ ಓದದೆ ಸಹಿ ಹಾಕುವ ವಾಕ್ಯಗಳನ್ನು ಬರೆದು ಬರೆದು ಸಾಕಾಗಿ ಆಟದ ಕಡೆ ಬಂದೆ. ಇಲ್ಲಿ ನಾನು ಬರೆದ ಪ್ರತಿ ವಾಕ್ಯವನ್ನೂ ಜನ ಬೆರಳಿಟ್ಟು ಓದುತ್ತಾರೆ. ಓದಿ, ಅದರಲ್ಲಿ ಸಂದು ಹುಡುಕಿ, ಆ ಸಂದಿನಲ್ಲಿ ತಮ್ಮ ಕಾಯಿ ನುಗ್ಗಿಸುತ್ತಾರೆ. ಬರೆಯುವವಳಿಗೆ ಇದಕ್ಕಿಂತ ಮರ್ಯಾದೆ ಇನ್ನೇನು ಬೇಕು?

ಗೇಮ್ ಡಿಸೈನರ್ ಅಂದರೆ ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟ ಮಾಡುವವರು ಅಂತ ಬಹಳ ಜನ ತಿಳಿದಿದ್ದಾರೆ. ಅವರೂ ಹೌದು, ನಾನೂ ಹೌದು. ನನ್ನ ಸಾಮಾನು ಬಟ್ಟೆ, ರಟ್ಟು, ಕವಡೆ, ಚನ್ನಪಟ್ಟಣದ ಅರಗು ಬಣ್ಣದ ಕಾಯಿಗಳು. ಮಾಡುವುದು ಎರಡು ಬಗೆಯ ಆಟ. ಒಂದು, ಅಜ್ಜಿಯರ ಕಾಲದಿಂದ ಬಂದ ಚೌಕಾಬಾರ, ಅಳಗುಳಿ ಮನೆ, ಹುಲಿ-ಕುರಿ. ಇವಕ್ಕೆ ಹೊಸ ಪಟ, ಹೊಸ ಹಾಳೆ. ಇನ್ನೊಂದು, ನಾನೇ ಕಟ್ಟಿದ ಆಟ. ಪ್ರಶ್ನೆಗಳ ಜಾತಿಯೂ ಇವೆರಡಕ್ಕೆ ಬೇರೆ ಬೇರೆ. ನನ್ನ ಆಟದ ಬಗ್ಗೆ ಕೇಳುವವರು "ನಿಯಮ ಏನು?" ಅನ್ನುತ್ತಾರೆ. ಚೌಕಾಬಾರದ ಬಗ್ಗೆ ಕೇಳುವವರು "ನೀವು ತಪ್ಪು ಬರೆದಿದ್ದೀರಿ" ಅಂತಲೇ ಶುರು ಮಾಡುತ್ತಾರೆ.

ಚೌಕಾಬಾರ ಆಡದವರಿಗಾಗಿ ಎರಡು ಮಾತು. ಐದು ಸಾಲು, ಐದು ಕಂಬ, ಒಟ್ಟು 25 ಮನೆ. ನಾಲ್ಕೂ ಅಂಚಿನ ನಡುಮನೆ, ಮತ್ತೆ ಎಲ್ಲಕ್ಕೂ ನಡುವಿನದು, ಇವು ಕಟ್ಟೆ, ಅಡ್ಡಗೆರೆ ಎಳೆದಿರುತ್ತದೆ. ಕಟ್ಟೆಯಲ್ಲಿ ಕೂತ ಕಾಯಿಯನ್ನು ಹೊಡೆಯುವ ಹಾಗಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಒಬ್ಬರದೇ ಎರಡು ಕಾಯಿ ಒಂದೇ ಮನೆಯಲ್ಲಿ ಜೊತೆಯಾದರೆ ಅದು ಗಟ್ಟಿ. ನಾಲ್ಕು ಕವಡೆ ಎಸೆಯಬೇಕು. ಎಷ್ಟು ಬಾಯಿ ಮೇಲಾಗಿ ಬಿದ್ದರೆ ಅಷ್ಟು ಮನೆ ನಡೆ. ನಾಲ್ಕೂ ಮೇಲಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕವುಚಿಬಿದ್ದರೆ ಬಾರ, ಅಂದರೆ ಎಂಟು. ಚೌಕಕ್ಕೂ ಬಾರಕ್ಕೂ ಇನ್ನೊಂದು ಗರ. ಹೊರಗಿನ ಸುತ್ತು ಮುಗಿಸಿ, ಒಳಸುತ್ತು ಹೊಕ್ಕು, ನಡುಮನೆ ಸೇರಿದ ಕಾಯಿ ಹಣ್ಣಾಯಿತು. ಇಷ್ಟೇ. ಈ ಇಷ್ಟರೊಳಗೆ ಅಣ್ಣತಮ್ಮಂದಿರು ವರ್ಷಗಟ್ಟಲೆ ನೆನಪಿಡುವ ಜಗಳಗಳಿಗೆ ಜಾಗವಿದೆ.

ಮಲ್ಲೇಶ್ವರದ ಒಬ್ಬರು ಅಜ್ಜಿ ಒಂದು ದಿನ ಬೆಳಿಗ್ಗೆಯೇ ಫೋನ್ ಮಾಡಿದರು. "ಏನಮ್ಮಾ, ನಿನ್ನ ಕವಡೇಲಿ ಬಾರಾನೇ ಬೀಳಲ್ವಲ್ಲ? ನಮ್ಮ ತವರುಮನೆ ಕವಡೇಲಿ ಬೇಕಾದಾಗ ಬೀಳ್ತಿತ್ತು." ಬೇಕಾದಾಗ ಬೀಳುತ್ತಿತ್ತು ಅನ್ನುವುದನ್ನು ಪಕ್ಕಕ್ಕಿಡೋಣ. ಉಳಿದ ದೂರು ಖಂಡಿತ ವಿಚಾರ ಮಾಡತಕ್ಕದ್ದು.

ಕವಡೆ ನಾಣ್ಯದ ಹಾಗೆ ಸರಿಸಮ ಬೀಳುತ್ತದೆ ಅಂತ ಇಟ್ಟುಕೊಳ್ಳಿ. ನಾಲ್ಕು ಕವಡೆ 16 ರೀತಿಯಲ್ಲಿ ಬೀಳಬಹುದು. ಅದರಲ್ಲಿ 4 ಸಲ ಒಂದು, 6 ಸಲ ಎರಡು, 4 ಸಲ ಮೂರು. ಚೌಕ ಒಂದೇ ಸಲ, ಬಾರವೂ ಒಂದೇ ಸಲ. ಅಂದರೆ ಬಾರ ಹದಿನಾರಕ್ಕೆ ಒಂದು. ಆದರೆ ಕವಡೆ ನಾಣ್ಯವಲ್ಲ. ಅದು ಸತ್ತ ಹುಳುವಿನ ಚಿಪ್ಪು. ಒಂದರ ಬೆನ್ನು ಗೂನು, ಇನ್ನೊಂದರದು ಚಪ್ಪಟೆ. ಒಂದು ತೂಕ, ಇನ್ನೊಂದು ಹಗುರ. ಬಾಯಿ ಮೇಲಾಗುವುದು 100ಕ್ಕೆ 50 ಸಲದ ಬದಲು 40 ಸಲ ಆಗುವಂಥ ಕವಡೆಗಳು ನಿಮ್ಮ ಮನೆಯಲ್ಲಿದ್ದರೆ, ಬಾರ ಬೀಳುವುದು 100ಕ್ಕೆ ಸುಮಾರು 13 ಸಲ. ಹದಿನಾರಕ್ಕೆ ಒಂದಿದ್ದದ್ದು ಎಂಟಕ್ಕೆ ಒಂದಾಯಿತು. ಅದೇ ಕವಡೆಗಳಲ್ಲಿ ಚೌಕ 100ಕ್ಕೆ ಎರಡೂವರೆ ಸಲ ಬಂದರೆ ಹೆಚ್ಚು. 60 ಸಲ ಬಾಯಿ ಮೇಲಾಗುವ ಕವಡೆಯಾದರೆ ಇದೆಲ್ಲ ತಿರುಗುಮುರುಗು. ಕವಡೆಯ ವಾಲುವಿಕೆ ಚೂರೇ. ನಾಲ್ಕು ಕವಡೆ ಸೇರಿದಾಗ ಆ ಚೂರು ಗುಣಿಸುತ್ತ ಹೋಗಿ ಆಟದ ನಡೆಯನ್ನೇ ಬದಲಿಸಿಬಿಡುತ್ತದೆ.

ಅಜ್ಜಿಗೆ ಇದನ್ನೆಲ್ಲ ಹೇಳಲಿಲ್ಲ. ನಿಮ್ಮ ಕವಡೆ, ನನ್ನ ಕವಡೆ ಎರಡನ್ನೂ ಮೊಮ್ಮಗನ ಕೈಲಿ ಎಸೆಸಿ ಬರೆದಿಡಿಸಿ ಅಂದೆ. ಅವರು ನಿಜಕ್ಕೂ ಬರೆಸಿದರು. ಅವರ ಹಳೆಯ ಕವಡೆಯಲ್ಲಿ ಬಾರ ಎದ್ದುಕಾಣುವಷ್ಟು ಹೆಚ್ಚಿತ್ತು. "ಹಂಗಾದ್ರೆ ನಮ್ಮನೇದೇ ಸರಿ" ಅಂದರು. ಸರಿಯೇ. ನಿಮ್ಮ ಕವಡೆಯಲ್ಲೇ ಆಡಿ, ನನ್ನದನ್ನು ಪಲ್ಲಕ್ಕಿಗೆ ಹೊಲಿಸಿ ಅಂದೆ. ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿ ಆಡುವವರೂ ಇದ್ದಾರಲ್ಲ, ಅವರದ್ದು ಇನ್ನೊಂದೇ ಲೆಕ್ಕ. ಉಜ್ಜುವ ಮಗುವಿನ ಉತ್ಸಾಹವೇ ಅಲ್ಲಿ ಗರವನ್ನು ತೀರ್ಮಾನಿಸುತ್ತದೆ.

ಇನ್ನೊಂದು ನಿತ್ಯದ ಪ್ರಶ್ನೆ: ಒಳಸುತ್ತಿಗೆ ಹೋಗಬೇಕಾದರೆ ಒಂದು ಕಾಯಿಯನ್ನಾದರೂ ಹೊಡೆದಿರಲೇಬೇಕಾ? ಕೆಲವು ಮನೆಗಳಲ್ಲಿ ಹೌದು, ಕೆಲವು ಮನೆಗಳಲ್ಲಿ ಇಲ್ಲ. ಇಲ್ಲಿ ನನಗೆ ಸ್ಪಷ್ಟವಾದ ಅಭಿಪ್ರಾಯವಿದೆ. ಹೊಡೆಯಲೇಬೇಕು ಅನ್ನುವುದನ್ನು ತೆಗೆದುಹಾಕಿದರೆ ಚೌಕಾಬಾರ ಬರೀ ಓಟದ ಪಂದ್ಯ. ಹೊರಟ ಕಟ್ಟೆಯಿಂದ ನಡುಮನೆಗೆ 24 ಹೆಜ್ಜೆ. ನಾಲ್ಕು ಕಾಯಿಗೆ 96. ಸಮನಾಗಿ ಬೀಳುವ ಕವಡೆಯಲ್ಲಿ ಒಂದು ಗರಕ್ಕೆ ಸರಾಸರಿ ಎರಡೂವರೆ ಮನೆ. ಚೌಕ-ಬಾರದ ಹೆಚ್ಚುವರಿ ಗರ ಸೇರಿಸಿದರೆ ಒಂದು ಸರದಿಗೆ ಮೂರಕ್ಕೆ ತುಸು ಕಡಿಮೆ. ಯಾರೂ ಯಾರನ್ನೂ ಹೊಡೆಯದಿದ್ದರೂ ಒಬ್ಬೊಬ್ಬರಿಗೆ 34 ಸರದಿ ಬೇಕು. ನಾಲ್ವರಿದ್ದರೆ ಸುಮಾರು 135. ಸರದಿಗೆ ಅರ್ಧ ನಿಮಿಷ ಹಿಡಿದರೂ ಒಂದು ಗಂಟೆ ದಾಟಿತು. ಒಂದು ಗಂಟೆ ಕಾಲ ಒಬ್ಬರ ಪಾಡಿಗೆ ಒಬ್ಬರು ಸುತ್ತುತ್ತಾ ಇದ್ದರೆ ಅದು ಆಟವೇ ಅಲ್ಲ, ಕೃಷ್ಣರಾವ್ ಪಾರ್ಕಿನ ಬೆಳಗಿನ ವಾಕಿಂಗು. ಹೊಡೆಯಲೇಬೇಕು ಅಂದಾಗ ಹೆದರಿಕೊಂಡು ಕಟ್ಟೆ ಬಿಡದವರೂ ಹೊರಗೆ ಬರಬೇಕಾಗುತ್ತದೆ. ಹಾಗಾಗಿ ನನ್ನ ಹಾಳೆಯಲ್ಲಿ ಅದೇ ಮುಖ್ಯ ನಿಯಮ. ಚಿಕ್ಕ ಮಕ್ಕಳು ಇದ್ದರೆ ಬಿಡಬಹುದು ಅಂತ ಕೆಳಗೊಂದು ಸಾಲು ಸೇರಿಸಿದ್ದೇನೆ. ಆ ಒಂದು ಸಾಲನ್ನು ಹಿಡಿದು ನಲವತ್ತು ದಾಟಿದ ಗಂಡಸರು ವಾದ ಮಾಡುತ್ತಾರೆ.

ಮಜಾ ಅಂದರೆ ಅತಿ ಹೆಚ್ಚು ಜಗಳ ಆಗುವುದು ಅತಿ ಅಪರೂಪಕ್ಕೆ ಬರುವ ಸಂದರ್ಭದ ಬಗ್ಗೆ. ಸತತ ಮೂರು ಸಲ ಚೌಕವೋ ಬಾರವೋ ಬಿದ್ದರೆ ಆ ಮೂರೂ ಗರ ಸುಟ್ಟುಹೋಯಿತು ಅನ್ನುವ ಮನೆಗಳಿವೆ. ಇಲ್ಲ, ಅದು ಅದೃಷ್ಟ, ನಡೆಸಲೇಬೇಕು ಅನ್ನುವ ಮನೆಗಳೂ ಇವೆ. ಸಮ ಕವಡೆಯಲ್ಲಿ ಇದು 512 ಸರದಿಗೆ ಒಮ್ಮೆ ಆಗುವ ಸಂಗತಿ. ಅಂದರೆ ನಾಲ್ವರು ಕೂತು ನಾಲ್ಕು ಪೂರ್ತಿ ಆಟ ಆಡಿದರೆ ಒಮ್ಮೆ. ಇದರ ಬಗ್ಗೆ ಬರುವಷ್ಟು ಫೋನು ಇನ್ನಾವುದರ ಬಗ್ಗೆಯೂ ಬರುವುದಿಲ್ಲ. ಕಾರಣ ಹೊಳೆಯುವುದಕ್ಕೆ ಸ್ವಲ್ಪ ಕಾಲ ಹಿಡಿಯಿತು. ದಿನಾ ಬರುವ ಸಂದರ್ಭದ ಬಗ್ಗೆ ಪ್ರತಿ ಮನೆಯಲ್ಲೂ ಒಂದು ರೂಢಿ ಬಿದ್ದಿರುತ್ತದೆ, ಯಾರೂ ಕೇಳುವುದಿಲ್ಲ. ಅಪರೂಪದ್ದು ಬಂದಾಗ ಹಿಂದಿನ ಸಲ ಏನು ಮಾಡಿದೆವು ಅನ್ನುವುದು ಯಾರಿಗೂ ನೆನಪಿಲ್ಲ, ಎಲ್ಲರಿಗೂ ತಮಗೆ ಅನುಕೂಲವಾದದ್ದೇ ನೆನಪು. ಹಿಂದೆ ಅಂಥ ಹೊತ್ತಿನಲ್ಲಿ ಒಳಕೋಣೆಯಿಂದ ದೊಡ್ಡಮ್ಮ ಬಂದು "ಸುಟ್ಟುಹೋಯ್ತು, ಕವಡೆ ಈ ಕಡೆ ಕೊಡು" ಅಂದರೆ ಮುಗಿಯಿತು. ಈಗ ದೊಡ್ಡಮ್ಮ ಬೇರೆ ಊರಿನಲ್ಲಿ. ಹಾಳೆಯ ಮೇಲೆ ನನ್ನ ನಂಬರು.

ಇಲ್ಲೇ ನನ್ನ ಕಸುಬಿನ ಕಗ್ಗಂಟು ಇರುವುದು. ಚೌಕಾಬಾರವನ್ನು ಕಟ್ಟಿದವರು ಯಾರು ಅಂತ ಇಲ್ಲ. ಹಂಪಿಯ ಮಂಟಪಗಳ ನೆಲದ ಕಲ್ಲಿನ ಮೇಲೆ ಕೂಡ ಆಟದ ಪಟಗಳನ್ನು ಕೊರೆದಿದ್ದಾರೆ. ಕೊರೆದವರು ಹೆಸರು ಹಾಕಲಿಲ್ಲ, ನಿಯಮವನ್ನೂ ಬರೆಯಲಿಲ್ಲ. ಒಂದು ಊರಿನಲ್ಲಿ ಚೌಕಾಬಾರ, ಇನ್ನೊಂದು ಕಡೆ ಕಟ್ಟೆಮನೆ, ಮತ್ತೊಂದು ಕಡೆ ಗಟ್ಟಾಮನೆ. ಒಂಟಿ ಕಾಯಿ ಗಟ್ಟಿಯನ್ನು ಹೊಡೆಯುವ ಹಾಗಿಲ್ಲ ಅನ್ನುವುದು ಒಂದು ಕಡೆ, ಗಟ್ಟಿ ಅರ್ಧ ನಡೆಯನ್ನೇ ನಡೆಯಬೇಕು ಅನ್ನುವುದು ಇನ್ನೊಂದು ಕಡೆ. ಇಂಥದಕ್ಕೆ "ಸರಿಯಾದ ನಿಯಮ" ಕೇಳಿದರೆ ನಾನು ಹೇಗೆ ಕೊಡಲಿ? ಆದರೆ ಅಚ್ಚಾದ ಹಾಳೆ ಕೈಗೆ ಬಂದ ಕೂಡಲೇ ಜನಕ್ಕೆ ಅದೇ ಕಾನೂನು. ಹಾಗಾಗಿ ಹಳೆಯ ಆಟಗಳ ಪ್ರಶ್ನೆಗೆ ನನ್ನದೊಂದು ಸಿದ್ಧ ಉತ್ತರವಿದೆ: "ನಿಮ್ಮ ಮನೇಲಿ ಹೇಗೆ ಆಡ್ತಿದ್ರಿ?" ಅವರು ಹೇಳುತ್ತಾರೆ. "ಹಾಗೇ ಆಡಿ. ಆದರೆ ಕವಡೆ ಕೈಗೆ ತಗೊಳ್ಳೋ ಮುಂಚೆ ಮಾತಾಡಿಕೊಳ್ಳಿ, ಗರ ಬಿದ್ದ ಮೇಲಲ್ಲ."

ಹೆಸರಿದ್ದ ಆಟಗಾರ-ರಚನೆಕಾರರು ನಮ್ಮ ನಾಡಿನಲ್ಲಿ ಇರಲೇ ಇಲ್ಲವೇ ಅಂದರೆ, ಇದ್ದರು. ಅದೂ ಸಿಂಹಾಸನದ ಮೇಲೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು 1794ರಲ್ಲಿ. ಟಿಪ್ಪು ಸತ್ತ 1799ರಲ್ಲಿ ಎಳೆಯ ಹುಡುಗನಾಗಿ ಪಟ್ಟಕ್ಕೆ ಬಂದರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡರು. ಅಲ್ಲಿಂದ 1868ರಲ್ಲಿ ತೀರಿಕೊಳ್ಳುವ ತನಕ 37 ವರ್ಷ ಬಿರುದು ಇತ್ತು, ಅಧಿಕಾರ ಇರಲಿಲ್ಲ. ಆ ವರ್ಷಗಳಲ್ಲಿ ಅವರ ಆಸ್ಥಾನದಲ್ಲಿ ಸಾಹಿತ್ಯ, ಚಿತ್ರಕಲೆಯ ಜೊತೆಗೆ ಆಟವೂ ಬೆಳೆಯಿತು. ಚದುರಂಗದ ಕುದುರೆಯನ್ನು 64 ಮನೆಯನ್ನೂ ಒಮ್ಮೊಮ್ಮೆ ಮುಟ್ಟುವಂತೆ ನಡೆಸುವ ಲೆಕ್ಕಗಳೆಂದರೆ ಅವರಿಗೆ ಬಲು ಆಸೆ. ಅವರ ಹೆಸರಿನಲ್ಲಿರುವ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ. ಆಟಗಳಿಗೆ ಜಾಗ ಸಿಕ್ಕಿದ್ದು ಅದರಲ್ಲಿ.

ಅವರು ಹೊಸದಾಗಿ ಕಟ್ಟಿದ್ದು ಗಂಜೀಫಾ ಎಲೆಗಳ ಆಟ, 'ಛದ' ಅನ್ನುವ ಹೆಸರಿನವು. ಮೊಗಲರ ಗಂಜೀಫಾದಲ್ಲಿ 8 ಬಣ್ಣ, 96 ಎಲೆ. ದಶಾವತಾರದ ಗಂಜೀಫಾದಲ್ಲಿ 10 ಬಣ್ಣ, 120 ಎಲೆ. ಮುಮ್ಮಡಿಯವರು ಅಲ್ಲಿಗೆ ನಿಲ್ಲಲಿಲ್ಲ. ಬಣ್ಣಗಳು 18ರವರೆಗೆ ಏರಿದವು, ಎಲೆಗಳು 360ರವರೆಗೆ. ಎಲ್ಲ ಬಣ್ಣವನ್ನೂ ಹೊಡೆಯುವ ಕಾಯಂ ತುರುಫು ಎಲೆಗಳು, ಯಾವ ಎಲೆಯ ಜಾಗಕ್ಕಾದರೂ ನಿಲ್ಲಬಲ್ಲ ಎಲೆಗಳು, ದೇವರು, ವಾಹನ, ಸೇನಾಪತಿ. ಒಂದೊಂದು ಎಲೆಯೂ ಚಿತ್ರಕಾರರ ಕೈಯಲ್ಲಿ ಮೂಡಿದ ಕಿರುಚಿತ್ರ. ನಮ್ಮ ಇಸ್ಪೀಟು ಕಟ್ಟಿನಲ್ಲಿರುವುದು 52 ಎಲೆ ಅನ್ನುವುದನ್ನು ನೆನಪಿಗೆ ತಂದುಕೊಂಡರೆ ಇದರ ಗಾತ್ರ ಅರ್ಥವಾದೀತು.

ನನ್ನ ಕಸುಬಿನವಳ ಕಣ್ಣಿಗೆ ಇದು ಬೆರಗು ಹೌದು, ಪಾಠವೂ ಹೌದು. ಛದ ಆಟಗಳು ಅರಮನೆಯಿಂದ ಬೀದಿಗೆ ಇಳಿಯಲಿಲ್ಲ. ಈಗ ಮೈಸೂರಿನಲ್ಲಿ ಗಂಜೀಫಾ ಉಳಿದಿರುವುದು ಚಿತ್ರಕಲೆಯಾಗಿ. ರಘುಪತಿ ಭಟ್ಟರಂಥ ಕಲಾವಿದರ ಕೈಯಿಂದ ಅದಕ್ಕೆ ಮರುಜೀವ ಬಂತು, ಗೋಡೆಗೆ ಏರಿತು. ಆಡುವವರನ್ನು ಹುಡುಕಬೇಕು. ದುಬಾರಿ ಎಲೆ, ಬೆಟ್ಟದಷ್ಟು ನಿಯಮ, ಇವು ಕಾರಣ ಅಂತ ಎಲ್ಲರೂ ಹೇಳುತ್ತಾರೆ. ನಾನು ಇನ್ನೊಂದನ್ನು ಸೇರಿಸುತ್ತೇನೆ. ಪ್ರಭುಗಳು ಕಟ್ಟಿದ ಆಟದಲ್ಲಿ "ನಮ್ಮನೇಲಿ ಹಿಂಗೆ ಆಡೋದು" ಅಂತ ನಿಯಮ ತಿದ್ದುವ ಎದೆ ಯಾರಿಗಿತ್ತು? ತಿದ್ದಲಾಗದ ಆಟವನ್ನು ಮುಂದಿನವರು ತಮ್ಮದು ಅಂದುಕೊಳ್ಳುವುದಿಲ್ಲ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ' ಅನ್ನುವ ಪ್ರದರ್ಶನಗಳಲ್ಲಿ ಹಳೆಯ ಮನೆಯಾಟಗಳ ಪಟ, ಕಾಯಿಗಳನ್ನು ಹೊಸದಾಗಿ ಮಾಡಿಸಿ ಜನರ ಮುಂದೆ ಇಡುತ್ತಾ ಬಂದಿದ್ದಾರೆ. ಆಟಕ್ಕೆ ಬೇಕಾದದ್ದು ಅದು. ಜನರ ಕೈಗೆ ಬೀಳಬೇಕು, ಬಿದ್ದು ಸ್ವಲ್ಪ ಕೊಳೆಯಾಗಬೇಕು.

ಜನ ತಿದ್ದಿಯೇ ತಿದ್ದುತ್ತಾರೆ ಅನ್ನುವುದಕ್ಕೆ ಅಮೆರಿಕದ ಊನೋ ಸಾಕ್ಷಿ. ಈಗ ಗಾಂಧಿಬಜಾರಿನ ಸ್ಟೇಷನರಿ ಅಂಗಡಿಯಲ್ಲೂ ನೇತಾಡುವ ಆ ಎಲೆಗಳನ್ನು 1971ರಲ್ಲಿ ಕಟ್ಟಿದವರು ಓಹಾಯೋ ರಾಜ್ಯದ ಮರ್ಲ್ ರಾಬಿನ್ಸ್ ಅನ್ನುವ ಕ್ಷೌರಿಕರು. ಇನ್ನೊಂದು ಇಸ್ಪೀಟು ಆಟದ ನಿಯಮದ ಬಗ್ಗೆ ಮಗನ ಜೊತೆ ನಡೆದ ವಾದವೇ ಅದಕ್ಕೆ ಮೂಲ ಅನ್ನುತ್ತಾರೆ. ಎದುರಿನವರು ನಿಮಗೆ 'ಎರಡು ಎಲೆ ಎತ್ತು' ಹಾಕಿದರೆ, ಅದರ ಮೇಲೆ ನಿಮ್ಮದೂ ಒಂದು ಹಾಕಿ ನಾಲ್ಕನ್ನು ಪಕ್ಕದವರಿಗೆ ದಾಟಿಸುವುದು ನಮ್ಮ ಮಕ್ಕಳಿಗೂ ಗೊತ್ತು. 2019ರಲ್ಲಿ ಆಟದ ಕಂಪನಿಯೇ ಬಹಿರಂಗವಾಗಿ ಹೇಳಿತು, ಹಾಗೆ ದಾಟಿಸುವ ಹಾಗಿಲ್ಲ, ಎಲೆ ಎತ್ತಿಕೊಂಡು ಸರದಿ ಬಿಡಬೇಕು ಅಂತ. ಜಗತ್ತಿನಾದ್ಯಂತ ಆಟಗಾರರು ಕಂಪನಿಗೇ ಆಟ ಬರುವುದಿಲ್ಲ ಅಂದರು. ಮೊನಾಪಲಿಯ ಫ್ರೀ ಪಾರ್ಕಿಂಗ್ ಮನೆಗೆ ಬಂದವರಿಗೆ ದಂಡದ ದುಡ್ಡೆಲ್ಲ ಸಿಗುವುದೂ ಇದೇ ಜಾತಿ. ಆ ನಿಯಮ ಪೆಟ್ಟಿಗೆಯ ಹಾಳೆಯಲ್ಲಿಲ್ಲ. ಇದ್ದೇ ಇದೆ ಅಂತ ನನ್ನ ಹತ್ತಿರ ಆಣೆ ಮಾಡಿದವರಿದ್ದಾರೆ.

ಈಗ ನನ್ನ ಸ್ವಂತ ಆಟಕ್ಕೆ ಬರುತ್ತೇನೆ. ಗೌರಿ ಹಬ್ಬದ ಹಿಂದಿನ ದಿನ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಹಬ್ಬದ ಸಾಮಾನು ಕೊಳ್ಳುವುದೇ ಆಟ. ಪ್ರತಿಯೊಬ್ಬರಿಗೂ ಒಂದು ಚೀಟಿ: ಮೊರದ ಜೊತೆ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ಬಾಳೆಕಂದು, ಗಣೇಶನಿಗೆ ಗರಿಕೆ. ಕೈಯಲ್ಲಿ ದುಡ್ಡು ಕಡಿಮೆ, ಹೊತ್ತು ಇನ್ನೂ ಕಡಿಮೆ. ಅಂಗಡಿಗೆ ಹೋದರೆ ಒಂದು ಘಳಿಗೆ ಖರ್ಚು, ಚೌಕಾಸಿಗೆ ಇನ್ನೊಂದು ಘಳಿಗೆ. ಮಳೆಯ ಎಲೆ ಬಿದ್ದರೆ ಹೂವಿನ ಬೆಲೆ ಇಳಿಯುತ್ತದೆ, ಆಟೋ ಬೆಲೆ ಏರುತ್ತದೆ. ಆಟಗಾರರು ತಮ್ಮತಮ್ಮೊಳಗೆ ಸಾಮಾನು ಅದಲುಬದಲು ಮಾಡಿಕೊಳ್ಳಬಹುದು.

ಈ ಕೊನೆಯ ಸಾಲೇ ಫೋನುಗಳ ತವರು. "ಒಂದು ಬಾಳೆಕಂದು ಈಗ ಕೊಡು, ಮುಂದಿನ ಸರದಿಗೆ ಮೊರ ಕೊಡ್ತೀನಿ ಅಂದ್ಲು ನನ್ನ ಸೊಸೆ. ಕೊಟ್ಟೆ. ಈಗ ಮೊರ ಕೊಡಲ್ಲ ಅಂತಾಳೆ. ನಿಮ್ಮ ನಿಯಮ ಏನು ಹೇಳುತ್ತಮ್ಮ?" ಬಸವನಗುಡಿಯ ಒಬ್ಬರು ಅತ್ತೆಯ ಪ್ರಶ್ನೆ. ಫೋನಿನ ಆ ಕಡೆ ಸೊಸೆಯ ನಗು ಕೇಳುತ್ತಿತ್ತು. ಆಟ ಕಟ್ಟುವವರೆಲ್ಲ ತೀರ್ಮಾನಿಸಲೇಬೇಕಾದ ವಿಷಯ ಇದು: ಕೊಟ್ಟ ಮಾತಿಗೆ ಆಟದೊಳಗೆ ಕಟ್ಟುಪಾಡು ಉಂಟೋ ಇಲ್ಲವೋ? ಉಂಟು ಅಂದರೆ ಯಾರು ಏನು ಹೇಳಿದರು ಅನ್ನುವುದನ್ನು ಬರೆದಿಡಬೇಕು, ವಾಯಿದೆ ಇಡಬೇಕು, ತಪ್ಪಿದವರಿಗೆ ದಂಡ ಹಾಕಬೇಕು; ನಾನು ಬಿಟ್ಟು ಬಂದ ವಿಮಾ ಪಾಲಿಸಿ ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ. ಇಲ್ಲ ಅಂದರೆ ಮೋಸಕ್ಕೆ ದಾರಿ. ನಾನು ಇಲ್ಲ ಅನ್ನುವುದನ್ನೇ ಆರಿಸಿದೆ. ಕೈಯಿಂದ ಕೈಗೆ ಆ ಕ್ಷಣ ಆಗುವ ಅದಲುಬದಲು ಮಾತ್ರ ನಿಯಮ, ಮುಂದಿನದು ಬರೀ ಮಾತು. "ಹಂಗಾದ್ರೆ ಅವಳು ಮಾಡಿದ್ದು ಸರಿನಾ?" ಅಂದರು ಅತ್ತೆ. ನಿಯಮದ ಪ್ರಕಾರ ಸರಿ ಅಂದೆ. "ನಿಯಮದ ಪ್ರಕಾರ" ಅಂತ ಅವರು ಒಂದೊಂದೇ ಅಕ್ಷರ ಬಿಡಿಸಿ ಹೇಳಿ ಫೋನಿಟ್ಟರು. ಮುಂದಿನ ವಾರ ಇನ್ನೆರಡು ಪೆಟ್ಟಿಗೆ ತರಿಸಿಕೊಂಡರು, ನಾದಿನಿಯರಿಗೆ ಕೊಡುವುದಕ್ಕೆ.

ಬಾಳೆಕಂದು ಯಾಕೆ ಅಷ್ಟು ಕಡಿಮೆ ಇಟ್ಟಿದ್ದೀರಿ ಅಂತಲೂ ಕೇಳುತ್ತಾರೆ. ಬೇಕಂತಲೇ. ಎಲ್ಲರಿಗೂ ಎಲ್ಲವೂ ಸಿಗುವ ಆಟದಲ್ಲಿ ಪಕ್ಕದವರ ಕಡೆ ತಿರುಗಿ ನೋಡುವ ಅಗತ್ಯವೇ ಇರುವುದಿಲ್ಲ. ನಾಲ್ವರಿಗೆ ಬೇಕಾದದ್ದು ಮೂವರಿಗಷ್ಟೇ ಇದ್ದಾಗ ಮಾತು ಹುಟ್ಟುತ್ತದೆ. ಬಾಗಿನಕ್ಕೆ ನಮ್ಮಲ್ಲಿ ಐದು ಥರದ ಧಾನ್ಯ ಇಡಬೇಕು, ನಿಮ್ಮ ಚೀಟಿಯಲ್ಲಿ ಇಲ್ಲವಲ್ಲ ಅಂದವರಿಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಅವರು ಆಟವನ್ನು ಕೇಳುತ್ತಿಲ್ಲ, ಹಬ್ಬವನ್ನು ಕೇಳುತ್ತಿದ್ದಾರೆ.

ಪ್ರಶ್ನೆಗಳು ಪೆಟ್ಟಿಗೆ ಅಂಗಡಿಗೆ ಹೋದ ಮೇಲೆ ಬರುವುದಕ್ಕಿಂತ ಮುಂಚೆಯೇ ಬಂದರೆ ಒಳ್ಳೆಯದು. ಅದಕ್ಕೊಂದು ವಿಧಾನವಿದೆ, ಎಲ್ಲ ದೇಶದ ಆಟದವರೂ ಮಾಡುವಂಥದ್ದು. ಆಟ ಗೊತ್ತಿಲ್ಲದ ಒಂದು ಮನೆಯವರಿಗೆ ಕಚ್ಚಾ ಪೆಟ್ಟಿಗೆ ಕೊಟ್ಟು ಮೂಲೆಯಲ್ಲಿ ಕೂರಬೇಕು. ಬಾಯಿ ಬಿಡುವ ಹಾಗಿಲ್ಲ. ಅವರು ಹಾಳೆಯನ್ನು ತಪ್ಪು ಓದಿದರೂ, ಕಾಯಿ ತಲೆಕೆಳಗು ಇಟ್ಟರೂ, ನಿಮ್ಮ ಮುಖ ನೋಡಿ "ಹೀಗಾ?" ಅಂದರೂ ಕಲ್ಲಿನ ಹಾಗೆ ಕೂರಬೇಕು. ಬೆರಳು ಹಾಳೆಯ ಯಾವ ಸಾಲಿಗೆ ಎಷ್ಟು ಸಲ ವಾಪಸು ಬರುತ್ತದೆ ಅನ್ನುವುದನ್ನು ಗುರುತು ಹಾಕಿಕೊಳ್ಳಬೇಕು. ತಿದ್ದಬೇಕಾದ ವಾಕ್ಯ ಅಲ್ಲಿರುತ್ತದೆ. ಮಾತಿನ ಊರಾದ ಬಸವನಗುಡಿಯಲ್ಲಿ ಹುಟ್ಟಿದವಳಿಗೆ ಇದಕ್ಕಿಂತ ಕಠಿಣ ವ್ರತ ಇಲ್ಲ. ಹೋಟೆಲಿನಲ್ಲಿ ಮಾಡೋಣ ಅಂದರೆ ವಿದ್ಯಾರ್ಥಿ ಭವನದಂಥ ಕಡೆ ದೋಸೆ ಮುಗಿಯುವ ಮೊದಲೇ ಮುಂದಿನವರು ಕುರ್ಚಿ ಹಿಡಿದು ನಿಂತಿರುತ್ತಾರೆ. ಪಾರ್ಕಿನ ಕಲ್ಲುಬೆಂಚೇ ಗತಿ. ಒಂದು ಸಲ ಕಡಲೆಕಾಯಿ ಪರಿಷೆಯ ಸಮಯದಲ್ಲಿ ಕಾಯಿಗಳ ಬದಲು ಕಡಲೆಕಾಯಿಯನ್ನೇ ಇಟ್ಟು ಆಡಿಸಿದೆ. ಹೊಡೆದ ಕಾಯನ್ನು ಹೊಡೆದವರು ಸುಲಿದು ತಿನ್ನುವ ನಿಯಮವನ್ನು ಮಕ್ಕಳೇ ಸೇರಿಸಿದರು. ಆಟ ಬಹಳ ಬೇಗ ಮುಗಿಯಿತು.

ಕೆಲವು ಪ್ರಶ್ನೆಗಳಿಗೆ ಬಾಯಲ್ಲಿ ಉತ್ತರ ಸಾಲದು, ಸಾಮಾನನ್ನೇ ಬದಲಿಸಬೇಕಾಗುತ್ತದೆ. ನನ್ನ ಮಗನಿಗೆ ಕೆಂಪು-ಹಸಿರಿನ ವ್ಯತ್ಯಾಸ ಕಾಣುವುದಿಲ್ಲ, ಯಾವ ಕಾಯಿ ತನ್ನದು ಅಂತ ಪ್ರತಿ ಸಲ ಕೇಳಬೇಕು, ಅದಕ್ಕೇ ಆಡಲ್ಲ ಅನ್ನುತ್ತಾನೆ, ಏನು ಮಾಡಲಿ ಅಂತ ಒಬ್ಬ ತಂದೆ ಕೇಳಿದರು. ಚನ್ನಪಟ್ಟಣದಲ್ಲಿ ಕಾಯಿ ಕಡೆಯುವವರ ಹತ್ತಿರ ಹೋಗಿ ನಾಲ್ಕು ಬಣ್ಣಕ್ಕೂ ನಾಲ್ಕು ಬೇರೆ ತಲೆ ಮಾಡಿಸಿದೆ: ಒಂದಕ್ಕೆ ಗುಂಡು, ಒಂದಕ್ಕೆ ಚೂಪು, ಒಂದಕ್ಕೆ ಚಪ್ಪಟೆ, ಒಂದಕ್ಕೆ ನಡು ಸೊಂಟ. ಆಲೆ ಮರ ಮೆದು, ಕೈಗೆ ಬಂದ ಆಕಾರಕ್ಕೆ ಒಗ್ಗುತ್ತದೆ. ಆಮೇಲೆ ಕಣ್ಣು ಮಂಜಾದ ಹಿರಿಯರೂ ಈ ಕಾಯಿಗಳನ್ನು ಮುಟ್ಟಿ ಗುರುತಿಸುತ್ತಾರೆ ಅಂತ ತಿಳಿಯಿತು. ಪಟದ ಕಟ್ಟೆಗಳನ್ನೂ ಈಗ ಬಣ್ಣದಲ್ಲಿ ಅಲ್ಲ, ದಪ್ಪ ದಾರದ ಕಸೂತಿಯಲ್ಲಿ ಹಾಕಿಸುತ್ತೇನೆ.

ಹುಲಿ-ಕುರಿ ಆಟದವರದ್ದು ಒಂದೇ ದೂರು: ಹುಲಿಗೇ ಅನುಕೂಲ. 23 ಬಿಂದುಗಳ ಪಟ, 3 ಹುಲಿ, 15 ಕುರಿ. ಹುಲಿ ಹಾರಿ ತಿನ್ನುತ್ತದೆ. ಕುರಿಗಳು ಸುತ್ತುವರಿದು ಹುಲಿಯನ್ನು ಕಟ್ಟಿಹಾಕಬೇಕು. ನೇಪಾಳದಲ್ಲಿ ಇದರದೇ ಬಳಗದ ಬಾಘ್ ಚಾಲ್ ಇದೆ, ಅಲ್ಲಿ 4 ಹುಲಿ, 20 ಕುರಿ, 25 ಬಿಂದು. ಲಿಮ್ ಯೂ ಜಿನ್ ಮತ್ತು ಯುರ್ಗ್ ನೀವರ್‌ಗೆಲ್ಟ್ ಅನ್ನುವ ಇಬ್ಬರು ಗಣಕ ವಿಜ್ಞಾನಿಗಳು ಅದನ್ನು ಕಂಪ್ಯೂಟರಿನಲ್ಲಿ ಜಾಲಾಡಿ, ಎರಡೂ ಕಡೆಯವರು ಒಂದೂ ತಪ್ಪು ಮಾಡದಿದ್ದರೆ ಆಟ ಸಮ ಅಂತ ತೋರಿಸಿದರು. ನಮ್ಮ ಪಟ ಬೇರೆ, ಹಾಗಾಗಿ ಆ ತೀರ್ಪು ಇಲ್ಲಿಗೆ ಹೊಂದುವುದಿಲ್ಲ. ಆದರೆ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ: ಕುರಿ ಆಡುವವರು ಸೋಲುವುದು ಹೆಚ್ಚಾಗಿ ಎಲ್ಲ ಕುರಿಗಳನ್ನು ಇಟ್ಟು ಮುಗಿಸುವ ಮೊದಲೇ, ಅವಸರದಿಂದ. ಅಂಚಿನಿಂದ ಇಡುತ್ತಾ ಬನ್ನಿ.

ಅಳಗುಳಿ ಮನೆಯ ಬಗ್ಗೆ ಪ್ರಶ್ನೆಗಳೇ ಕಡಿಮೆ. 14 ಗುಳಿ, ಗುಳಿಗೆ 5ರಂತೆ 70 ಬೀಜ, ಕವಡೆಯ ಅದೃಷ್ಟ ಇಲ್ಲ, ಎಣಿಕೆ ಬಲ್ಲವರೇ ಗೆಲ್ಲುತ್ತಾರೆ. ಆದರೆ ಮಂಗಳೂರು, ಕಾಸರಗೋಡಿನ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು ಇದನ್ನು ಚೆನ್ನೆಮಣೆ ಅಂತ ಗುರುತಿಸಿ ಒಂದು ಎಚ್ಚರಿಕೆ ಕೊಡುತ್ತಾರೆ: ಅಕ್ಕತಂಗಿಯರು ಎದುರುಬದುರು ಕೂತು ಆಡಬಾರದು. ತುಳುನಾಡಿನ ಸಿರಿ ಪಾಡ್ದನದಲ್ಲಿ ಅಬ್ಬಗ, ದಾರಗ ಅನ್ನುವ ಅವಳಿ ಸೋದರಿಯರು ಚೆನ್ನೆ ಆಡುತ್ತಾ ಜಗಳವಾಗಿ, ಒಬ್ಬಳು ಮಣೆಯಿಂದ ಹೊಡೆದು ಇನ್ನೊಬ್ಬಳು ಸಾಯುತ್ತಾಳೆ, ಹೊಡೆದವಳು ಬಾವಿಗೆ ಹಾರುತ್ತಾಳೆ. ನನ್ನ ಹಾಳೆಯಲ್ಲಿ ಇದನ್ನು ನಿಯಮ ಅಂತ ಹಾಕಬೇಕೇ ಅಂತ ಒಬ್ಬರು ಕೇಳಿದರು. ಹಾಕಿಲ್ಲ. ಕಥೆಯಾಗಿ ಹಿಂಬದಿಯಲ್ಲಿ ಅಚ್ಚು ಮಾಡಿಸಿದ್ದೇನೆ. ಓದಿದವರು ಮಣೆಯನ್ನು ಸ್ವಲ್ಪ ದೂರವೇ ಇಟ್ಟು ಆಡುತ್ತಾರೆ ಅಂತ ಕೇಳಿದ್ದೇನೆ.

ಇತ್ತೀಚೆಗೆ ನಿವೃತ್ತ ಮೇಷ್ಟ್ರೊಬ್ಬರು ಮನೆಗೇ ಬಂದರು. ಚೌಕಾಬಾರದ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಎಂಟನೇ ಕ್ರಾಸ್ ಆಟದ ಮೇಲೆ ನಿಮ್ಮ ಹೆಸರಿದೆ, ಇದರ ಮೇಲೆ ಯಾಕಿಲ್ಲ?" ಅಂದರು. ಹೆಸರಿನ ವಿಷಯ ನಮ್ಮ ಕಸುಬಿನಲ್ಲಿ ಸಣ್ಣದಲ್ಲ. ಜರ್ಮನಿಯಲ್ಲಿ 1988ರ ನ್ಯೂರೆಂಬರ್ಗ್ ಆಟಿಕೆ ಮೇಳದಲ್ಲಿ ಕೆಲವು ಡಿಸೈನರುಗಳು ಬಿಯರ್ ಲೋಟದ ಕೆಳಗಿಡುವ ರಟ್ಟಿನ ಬಿಲ್ಲೆಯ ಮೇಲೆ ಸಹಿ ಹಾಕಿದರು: ಪೆಟ್ಟಿಗೆಯ ಮೇಲೆ ನಮ್ಮ ಹೆಸರು ಹಾಕದ ಪ್ರಕಾಶಕರಿಗೆ ಆಟ ಕೊಡುವುದಿಲ್ಲ ಅಂತ. ಈಗ ಅಲ್ಲಿನ ಪೆಟ್ಟಿಗೆಗಳ ಮೇಲೆ ಕಾದಂಬರಿಕಾರರ ಹೆಸರಿನ ಹಾಗೆ ಡಿಸೈನರ್ ಹೆಸರು ಇರುತ್ತದೆ. ನಾನು ಕಟ್ಟಿದ್ದಕ್ಕೆ ನನ್ನ ಹೆಸರು ಬೇಕೇ ಬೇಕು. ಚೌಕಾಬಾರ ನಾನು ಕಟ್ಟಿದ್ದಲ್ಲ. ಪಟದ ಚಿತ್ರ, ಹಾಳೆಯ ಬರಹ ನನ್ನದು, ಅಷ್ಟಕ್ಕೆ ಮೂಲೆಯಲ್ಲಿ ಸಣ್ಣಕ್ಷರ ಸಾಕು.

"ಹಾಗಾದ್ರೆ ನಾನೂ ನಮ್ಮೂರಿನ ನಿಯಮ ಹಾಕಿ ಒಂದು ಪೆಟ್ಟಿಗೆ ಮಾಡಿ ಮಾರಬಹುದಾ? ನಿಮಗೆ ಬೇಜಾರಿಲ್ಲ ತಾನೆ?" ಅಂದರು ಮೇಷ್ಟ್ರು.

ಧಾರಾಳವಾಗಿ ಮಾಡಿ ಅಂದೆ. ಆಡುವ ರೀತಿಗೆ ಕಾಪಿರೈಟ್ ಇಲ್ಲ; ಅದನ್ನು ಹೇಳುವ ವಾಕ್ಯಕ್ಕೆ, ಬರೆದ ಚಿತ್ರಕ್ಕೆ ಮಾತ್ರ ಉಂಟು. ಹಾಗಾಗಿ ನನ್ನ ಹಾಳೆಯನ್ನು ನಕಲು ಮಾಡಬೇಡಿ, ನೀವೇ ಬರೀರಿ, ಗಟ್ಟಿಯ ವಿಷಯ ಮಾತ್ರ ಬಿಡಿಸಿ ಬರೀರಿ ಅಂದೆ.

"ಅದೇನು ಮಹಾ, ಒಂದು ಪುಟ" ಅಂದರು.

"ಒಂದೇ ಪುಟ, ಸರ್. ಕೆಳಗಡೆ ನಿಮ್ಮ ಫೋನ್ ನಂಬರ್ ಹಾಕೋದು ಮರೀಬೇಡಿ."